ರಾಹುಕಾಲದಲ್ಲಿ ಹುಟ್ಟಿದ ಕೀ

2023ರಲ್ಲಿ ನಾನು ದೂರಸಂಪರ್ಕ ಇಲಾಖೆಯಿಂದ ನಿವೃತ್ತನಾಗಿ ಎರಡು ವರ್ಷವಾಗಿತ್ತು. ಹಾವೇರಿಯ ಕೋರ್ಟಿನ ಹಿಂದಿನ ಓಣಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಸುತ್ತಲಿನ ಅಂಗಡಿ, ಗೋದಾಮುಗಳ ವೆಬ್‌ಸೈಟು ಮತ್ತು ಇ-ಮೇಲು ನೋಡಿಕೊಳ್ಳುವ ಸಲಹೆಗಾರನಾಗಿ ಕೂತಿದ್ದೆ. ಸಲಹೆಗಾರ ಎಂಬುದು ದೊಡ್ಡ ಮಾತು. ನಮ್ಮ ಕಡೆಯ ವ್ಯಾಪಾರಸ್ಥರು ಸಲಹೆ ಕೇಳುವುದು, ತಾವು ಮೊದಲೇ ಮಾಡಬೇಕೆಂದುಕೊಂಡದ್ದಕ್ಕೆ ಹೂಂ ಅನ್ನಿಸಿಕೊಳ್ಳಲು. ಹೂಂ ಅಂದರೆ ಚಹಾ ಬರುತ್ತದೆ. ಊಹೂಂ ಅಂದರೆ ಹುಬ್ಬಳ್ಳಿಯಿಂದ ಇನ್ನೊಬ್ಬ ಸಲಹೆಗಾರ ಬರುತ್ತಾನೆ. ಈ ಮಂದಿಯ ಬಗ್ಗೆ ನನಗೆ ಆಗಲೂ ಗೌರವವಿರಲಿಲ್ಲ, ಈಗಲೂ ಇಲ್ಲ, ಅದನ್ನು ಮುಚ್ಚಿಡುವ ವಯಸ್ಸೂ ದಾಟಿದೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಕಾಪಿಡುವ ಒಂದು ಕೋಲ್ಡ್ ಸ್ಟೋರೇಜಿನ ಮಾಲೀಕರು ಚನ್ನಬಸಪ್ಪನವರು. ಹೆಸರು ಬದಲಿಸಿದ್ದೇನೆ, ಸ್ವಭಾವ ಬದಲಿಸಿಲ್ಲ. ಅಲ್ಲಿ ಚೀಲ ಇಟ್ಟ ರೈತನಿಗೆ ಒಂದು ಚೀಟಿ ಕೊಡುತ್ತಾರೆ, ಅದರ ಮೇಲೆ ಕ್ಯೂಆರ್ ಕೋಡ್ ಇರುತ್ತದೆ. ಚೀಲ ಹೊರಗೆ ತರುವಾಗ ಗೇಟಿನವನು ತನ್ನ ಮೊಬೈಲಿನಲ್ಲಿ ಅದನ್ನು ಸ್ಕ್ಯಾನ್ ಮಾಡಬೇಕು. ಸ್ಟೋರೇಜಿನ ವೆಬ್‌ಸೈಟ್ ತೆರೆದು ಚೀಟಿ ಅಸಲಿ ಎಂದು ಹಸಿರು ಗುರುತು ಬಂದರೆ ಮಾತ್ರ ಗೇಟು ತೆರೆಯುತ್ತದೆ. ಹಿಂದೊಮ್ಮೆ ಯಾರೋ ನಕಲಿ ಚೀಟಿ ತಂದು ಇನ್ನೊಬ್ಬರ ಚೀಲ ಹೊತ್ತೊಯ್ದ ಮೇಲೆ ಈ ನಿಯಮ ಬಂತು. ಇದನ್ನೆಲ್ಲ ನಡೆಸುತ್ತಿದ್ದವಳು ಆಫೀಸಿನ ಕಂಪ್ಯೂಟರ್ ಆಪರೇಟರ್ ನೇತ್ರಾವತಿ. ಒಂಬತ್ತು ವರ್ಷದಿಂದ ಅಲ್ಲಿದ್ದಳು. ಮಾಡಿದ ಪ್ರತಿಯೊಂದು ಕೆಲಸವನ್ನೂ ತಾರೀಕು, ಗಂಟೆ, ನಿಮಿಷದೊಡನೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ಅಭ್ಯಾಸ ಅವಳಿಗಿತ್ತು. ಇಡೀ ಕಟ್ಟಡದಲ್ಲಿ ತಲೆಯನ್ನು ಟೊಪ್ಪಿಗೆ ಇಡಲಿಕ್ಕಷ್ಟೇ ಅಲ್ಲದೆ ಬೇರೆ ಕೆಲಸಕ್ಕೂ ಬಳಸುತ್ತಿದ್ದವಳು ಅವಳೊಬ್ಬಳೇ.

ಆ ವರ್ಷ ಮೆಣಸಿನಕಾಯಿಯನ್ನು ಹೊರದೇಶಕ್ಕೆ ಕಳಿಸುವ ಒಂದು ದೊಡ್ಡ ಕಂಪನಿ ಚನ್ನಬಸಪ್ಪನವರಿಗೆ ಒಂದು ಪಟ್ಟಿ ಕಳಿಸಿತು. ನಿಮ್ಮಲ್ಲಿ ಬೆಂಕಿ ಆರಿಸುವ ಉಪಕರಣ ಇದೆಯೇ, ಇಲಿ ಬೋನು ಇದೆಯೇ ಎಂಬಂಥ ಪ್ರಶ್ನೆಗಳ ನಡುವೆ ಒಂದು ಸಾಲು: ನಿಮ್ಮ ಡೊಮೈನಿಗೆ ಡಿಎನ್‌ಎಸ್‌ಸೆಕ್ ಇದೆಯೇ? ದೀಪಾವಳಿ ಅಮಾವಾಸ್ಯೆ ಭಾನುವಾರವಿತ್ತು. ಮರುದಿನ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವರು ಆನ್‌ಲೈನಿನಲ್ಲಿ ಪರೀಕ್ಷಿಸುವವರಿದ್ದರು.

ಇದೇನೆಂದು ಓದುಗರಿಗೆ ಹೇಳಿಬಿಡುತ್ತೇನೆ. ನಾವು ಟೈಪ್ ಮಾಡುವ ವೆಬ್‌ಸೈಟಿನ ಹೆಸರಿಗೆ, ಅಂದರೆ ಡೊಮೈನಿಗೆ, ಯಾವ ಯಂತ್ರದ ವಿಳಾಸ ಎಂದು ಹೇಳುವ ವ್ಯವಸ್ಥೆ ಡಿಎನ್‌ಎಸ್. ಆ ಉತ್ತರವನ್ನು ನಡುದಾರಿಯಲ್ಲಿ ಯಾರಾದರೂ ತಿದ್ದಿದರೆ ನಮಗೆ ತಿಳಿಯುವುದಿಲ್ಲ. ಅದಕ್ಕೆ ಪ್ರತಿ ಉತ್ತರದ ಕೆಳಗೂ ಒಂದು ಸಹಿ ಹಾಕುವ ಏರ್ಪಾಡೇ ಡಿಎನ್‌ಎಸ್‌ಸೆಕ್. ಸಹಿ ಹಾಕಲು ಬಳಸುವ ಗುಪ್ತ ಸಂಖ್ಯೆಗೆ ಕೀ ಎನ್ನುತ್ತಾರೆ. ಆ ಕೀಯ ಗುರುತನ್ನು ನಮ್ಮ ಮೇಲಿನವರಲ್ಲಿ, ಅಂದರೆ ಡಾಟ್ ಕಾಮ್ ಹೆಸರುಗಳನ್ನು ನೋಡಿಕೊಳ್ಳುವವರಲ್ಲಿ, ನೋಂದಾಯಿಸಬೇಕು. ಈ ನೋಂದಣಿಗೆ ಡಿಎಸ್ ರೆಕಾರ್ಡ್ ಎಂದು ಹೆಸರು. ಬ್ಯಾಂಕಿನಲ್ಲಿ ಮಾದರಿ ಸಹಿ ಕೊಟ್ಟಿರುತ್ತೇವಲ್ಲ, ಹಾಗೆ. ಚೆಕ್ಕಿನ ಸಹಿ ಮಾದರಿಗೆ ಹೊಂದದಿದ್ದರೆ, ಖಾತೆ ನಿಮ್ಮದೇ ಆದರೂ ಬ್ಯಾಂಕು ಚೆಕ್ಕು ವಾಪಸು ಕಳಿಸುತ್ತದೆ. ಇಲ್ಲಿಯೂ ಹಾಗೆಯೇ, ಹೊಂದದಿದ್ದರೆ ವೆಬ್‌ಸೈಟ್ ತೆರೆಯುವುದೇ ಇಲ್ಲ.

ಚನ್ನಬಸಪ್ಪನವರಿಗೆ ಇದನ್ನು ವಿವರಿಸಲು ಹೋದೆ. ಅವರು ಅರ್ಧಕ್ಕೇ ಕೈ ಎತ್ತಿದರು.

“ಅದೆಲ್ಲಾ ನಮಗ್ಯಾಕ್ರಿ ಪಾಟೀಲ್ರ. ಸರ್ಟಿಫಿಕೇಟ್ ಬಂದ ಮ್ಯಾಲ ಹೇಳ್ರಿ, ಫ್ರೇಮ್ ಹಾಕಸೋಣು.”

ಡಿಎನ್‌ಎಸ್‌ಸೆಕ್‌ಗೆ ಫ್ರೇಮ್ ಹಾಕಿಸುವ ಮನುಷ್ಯನಿಗೆ ಇನ್ನೇನು ವಿವರಿಸುವುದು? ನಾನು ಎದ್ದು ನೇತ್ರಾವತಿಯ ಮೇಜಿಗೆ ಹೋದೆ. ಕೆಲಸದ ಕ್ರಮವನ್ನು ಅವಳಿಗೆ ಕನ್ನಡದಲ್ಲಿ ಬರೆದುಕೊಟ್ಟೆ. ಮೊದಲು ಟಿಟಿಎಲ್ ಇಳಿಸುವುದು, ಅಂದರೆ ಬೇರೆ ಯಂತ್ರಗಳು ನಮ್ಮ ಉತ್ತರವನ್ನು ನೆನಪಿಟ್ಟುಕೊಳ್ಳುವ ಅವಧಿಯನ್ನು ಐದು ನಿಮಿಷಕ್ಕೆ ತರುವುದು. ಆಮೇಲೆ ಕೀ ಮಾಡಿ ಸಹಿ ಶುರುಮಾಡುವುದು. ಕೀಯ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ, ಲಕೋಟೆಗೆ ಅರಗಿನ ಮುದ್ರೆ ಒತ್ತಿ ತಿಜೋರಿಯಲ್ಲಿಡುವುದು. ಮೂರು ದಿನ ಎಲ್ಲ ಸರಿಯಿದೆಯೇ ಎಂದು ನೋಡಿ, ಕಡೆಗೆ ಡಿಎಸ್ ನೋಂದಾಯಿಸುವುದು. ಈ ಕಡೆಯದನ್ನು ಅವಸರ ಮಾಡಬಾರದು, ಯಾಕೆಂದರೆ ಉಳಿದದ್ದೆಲ್ಲ ನಮ್ಮ ಕೈಯಲ್ಲಿದ್ದರೂ ಡಿಎಸ್ ಮಾತ್ರ ಮೇಲಿನವರ ಕೈಯಲ್ಲಿರುತ್ತದೆ, ಅದನ್ನು ಲೋಕ ಒಂದು ದಿನವಿಡೀ ನೆನಪಿಟ್ಟುಕೊಳ್ಳುತ್ತದೆ.

ಗುರುವಾರ ಮಧ್ಯಾಹ್ನ ನಾವಿಬ್ಬರೂ ಆಫೀಸಿನ ಸರ್ವರ್ ಮುಂದೆ ಕೂತು ಕೀ ಮಾಡಿದೆವು. ನೇತ್ರಾವತಿ ನೋಟ್‌ಬುಕ್ಕಿನಲ್ಲಿ ಬರೆದಳು: ಗುರುವಾರ, 2 ಗಂಟೆ 10 ನಿಮಿಷ, ಕೀ ಸಂಖ್ಯೆ 41873. ಅಲ್ಲಿಯವರೆಗೆ ಎಲ್ಲ ಚೊಕ್ಕವಾಗಿತ್ತು.

ಚನ್ನಬಸಪ್ಪನವರು ಆ ನೋಟ್‌ಬುಕ್ಕು ನೋಡಿದರು. ಒಂಬತ್ತು ವರ್ಷದಲ್ಲಿ ಒಮ್ಮೆಯೂ ತೆರೆದು ನೋಡದವರು ಅವತ್ತು ನೋಡಿದರು, ನೋಡಿ ಅದರಲ್ಲಿ ಗಂಟೆಯನ್ನಷ್ಟೇ ಓದಿದರು. ಗುರುವಾರ ಒಂದೂವರೆಯಿಂದ ಮೂರರವರೆಗೆ ರಾಹುಕಾಲ. ಶನಿವಾರ ನನಗೆ ಫೋನ್ ಬಂತು.

“ಪಾಟೀಲ್ರ, ಆ ಕೀ ರಾಹುಕಾಲದಾಗ ಮಾಡೀರಂತಲ್ರಿ! ಹೊಸಾದು ಮಾಡಾಕ ಬರ್ತೈತೇನು?”

ನಾನು ನಕ್ಕೆ. ಮರೆಮಾಡಿ ನಗಲಿಲ್ಲ, ಅವರಿಗೆ ಕೇಳಿಸುವಂತೆಯೇ ನಕ್ಕೆ. “ಯಾವಾಗ ಬೇಕಾದ್ರೂ ಮಾಡಬಹುದ್ರಿ ಸಾವ್ಕಾರ್ರ, ಅದಕ್ಕೇನು” ಅಂದು ಫೋನ್ ಇಟ್ಟೆ. ಇಂಥ ಪ್ರಶ್ನೆಗೆ ಇದಕ್ಕಿಂತ ಹೆಚ್ಚಿನ ಉತ್ತರ ದಂಡ ಎಂದು ನನ್ನ ಭಾವನೆಯಾಗಿತ್ತು. ಸಂಜೆ ಹೆಂಡತಿಗೆ ಹೇಳಿ ಇನ್ನೊಮ್ಮೆ ನಕ್ಕು ಮರೆತೆ.

ಭಾನುವಾರ ಅಮಾವಾಸ್ಯೆ. ಬ್ಯಾಡಗಿಯ ವ್ಯಾಪಾರಸ್ಥರು ಆ ಸಂಜೆ ಅಂಗಡಿಯಲ್ಲೇ ಲಕ್ಷ್ಮಿಯನ್ನು ಕೂರಿಸುತ್ತಾರೆ, ವರ್ಷಕ್ಕೆ ಹೊಸದಾದದ್ದನ್ನೆಲ್ಲ ದೇವಿಯ ಮುಂದಿಡುತ್ತಾರೆ. ಚನ್ನಬಸಪ್ಪನವರು ಹೊಸ ರಬ್ಬರ್ ಸ್ಟಾಂಪು, ಹೊಸ ಬೀಗ, ಅವುಗಳ ಜೊತೆ ನಮ್ಮ ಪೆನ್‌ಡ್ರೈವಿನ ಲಕೋಟೆಯನ್ನೂ ತಿಜೋರಿಯಿಂದ ತೆಗೆಸಿ ಇಟ್ಟಿದ್ದರು. ಡಿಎಸ್ ನೋಂದಣಿಯೂ ಮುಹೂರ್ತಕ್ಕೇ ಆಗಬೇಕೆಂದು ಹೇಳಿದ್ದರಿಂದ ನೇತ್ರಾವತಿ 6 ಗಂಟೆ 40ಕ್ಕೆ ಸಂಖ್ಯೆಗಳನ್ನು ಹಾಕಿದಳು. ನಾನು ಹಾವೇರಿಯಿಂದಲೇ ಪರೀಕ್ಷಿಸಿದೆ. ಸಹಿ, ಕೀ, ಡಿಎಸ್ ಮೂರೂ ಒಂದಕ್ಕೊಂದು ಹೊಂದುತ್ತಿದ್ದವು. ಏಳು ಗಂಟೆಗೆ ಅವಳು ಪ್ರಸಾದ ಕಟ್ಟಿಕೊಂಡು ಮನೆಗೆ ಹೋದಳು, ನಾನು ಲ್ಯಾಪ್‌ಟಾಪ್ ಮುಚ್ಚಿ ಹೋಳಿಗೆಗೆ ಕೂತೆ.

ಸೋಮವಾರ ಬೆಳಿಗ್ಗೆ ಏಳೂವರೆಗೆ ಅವಳ ಫೋನ್.

“ಸರ್, ಗೇಟಿನ್ಯಾಗ ಒಂದೂ ಚೀಟಿ ಓಪನ್ ಆಗವಲ್ದು. ಹನ್ನೊಂದು ಗಾಡಿ ನಿಂತಾವ. ಸಾವ್ಕಾರ್ರ ಫೋನಿನ್ಯಾಗ ಮಾತ್ರ ಸೈಟು ಚಲೋ ತೆರ್ಯಾಕತ್ತೈತಿ. ನಾನ ಏನೋ ಹೊಲಸು ಮಾಡೇನಿ ಅಂತಾರ.”

ಮಾಲೀಕರ ಫೋನಿನಲ್ಲಿ ತೆರೆಯುತ್ತದೆ, ಗೇಟಿನಲ್ಲಿ ಇಲ್ಲ ಎಂದಾಗಲೇ ನನಗೆ ಅರ್ಧ ತಿಳಿಯಿತು. ಎಲ್ಲ ನೆಟ್‌ವರ್ಕುಗಳೂ ಸಹಿಯನ್ನು ತಾಳೆ ನೋಡುವುದಿಲ್ಲ. ಆಫೀಸಿನ ವೈಫೈ ನೋಡುತ್ತಿರಲಿಲ್ಲ, ಮಾಲೀಕರ ಫೋನ್ ಇದ್ದದ್ದು ಅದರಲ್ಲಿ. ಗೇಟಿನವನ ಮೊಬೈಲ್ ನೆಟ್‌ವರ್ಕ್ ತಾಳೆ ನೋಡಿ ತಿರಸ್ಕರಿಸುತ್ತಿತ್ತು. ಆದರೆ ತನ್ನ ಫೋನಿನಲ್ಲಿ ಕಂಡದ್ದೇ ಲೋಕ ಎಂದು ನಂಬಿದವರಿಗೆ ಇದನ್ನು ಫೋನಿನಲ್ಲಿ ಹೇಳಿ ಪ್ರಯೋಜನವಿರಲಿಲ್ಲ. ಪಕ್ಕದ ಮನೆಯವರ ಕಾರು ಬೇಡಿ ಹೊರಟೆ.

ಎಂಟೂಕಾಲಿಗೆ ತಲುಪಿದಾಗ ಗೇಟಿನ ಮುಂದೆ ಲಾರಿ, ಟೆಂಪೋಗಳ ಸಾಲು. ಮೇಡ್ಲೇರಿಯಿಂದ ಬಂದ ಒಬ್ಬ ರೈತರು ಚೀಟಿಯನ್ನು ನನ್ನ ಮುಖದ ಮುಂದೆ ಹಿಡಿದರು. “ನನ್ನ ಚೀಲ ನನಗ ಕೊಡಾಕ ಯಾರ ಅಪ್ಪಣಿ ಬೇಕ್ರಿ ಸಾಹೇಬ್ರ?” ನಾನು ಅವರನ್ನು ದಾಟಿ ಆಫೀಸಿಗೆ ನಡೆದೆ.

ಒಳಗೆ ಚನ್ನಬಸಪ್ಪನವರು ಕುರ್ಚಿಯಲ್ಲಿ, ನೇತ್ರಾವತಿ ನಿಂತುಕೊಂಡು. ಪಕ್ಕದ ಸೋಫಾದಲ್ಲಿ ಹೊಸ ರೇಷ್ಮೆ ಅಂಗಿ ತೊಟ್ಟು ಕರ್ಚಿಕಾಯಿ ತಿನ್ನುತ್ತಿದ್ದವನು ಅವರ ಅಳಿಯ ಪ್ರಶಾಂತ. ಮೇ ತಿಂಗಳಲ್ಲಿ ಮದುವೆಯಾಗಿ, ಮೊದಲನೇ ದೀಪಾವಳಿಗೆ ಮಾವನ ಮನೆಗೆ ಬಂದಿದ್ದ. ಹುಬ್ಬಳ್ಳಿಯಲ್ಲಿ ಸಿಸಿ ಕ್ಯಾಮೆರಾ ಮಾರುವ ಅಂಗಡಿ ಇತ್ತು. ವಿಸಿಟಿಂಗ್ ಕಾರ್ಡಿನಲ್ಲಿ ಮಾತ್ರ ಸೈಬರ್ ಸೆಕ್ಯುರಿಟಿ ಎಕ್ಸ್‌ಪರ್ಟ್.

“ಬರ್ರಿ ಪಾಟೀಲ್ರ” ಎಂದರು ಚನ್ನಬಸಪ್ಪನವರು. “ನಮ್ಮ ಹುಡುಗಿ ನಂಬರ್ ತಪ್ಪು ಹೊಡ್ದಾಳ. ಹತ್ತಕ್ಕ ಕಂಪನ್ಯಾವ್ರು ಕೇಳತಾರ. ಆಪರೇಟರ್ ತಪ್ಪು ಅಂತ ಒಂದು ಹಾಳ್ಯಾಗ ಬರದು ಸಹಿ ಮಾಡಿಕೊಡ್ರಿ. ಇಕೀನ್ನ ಇವತ್ತ ಬಿಡಸ್ತೇನಿ.”

ಬ್ಯಾಡಗಿಯಲ್ಲಿ ಒಂದು ಅಂಗಡಿಯವರು ತಪ್ಪು ಮಾಡಿದಳೆಂದು ಬಿಡಿಸಿದವಳನ್ನು ಇನ್ನೊಂದು ಅಂಗಡಿಯವರು ಇಟ್ಟುಕೊಳ್ಳುವುದಿಲ್ಲ. ಅದು ನೇತ್ರಾವತಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಕಾಗದ ಕೇಳಲಿಲ್ಲ, ಅವಳ ನೋಟ್‌ಬುಕ್ಕು ಕೇಳಿದೆ.

ಮೇಲಿನವರಲ್ಲಿ ನೋಂದಣಿಯಾದ ಡಿಎಸ್ 41873ರ ಗುರುತನ್ನೇ ಹೇಳುತ್ತಿತ್ತು, ನೋಟ್‌ಬುಕ್ಕಿಗೆ ಅಂಕಿಗೆ ಅಂಕಿ ಸರಿ. ಆದರೆ ನಮ್ಮ ಸರ್ವರ್ ಸಹಿ ಹಾಕುತ್ತಿದ್ದದ್ದು ಬೇರೆ ಕೀಯಿಂದ, ಸಂಖ್ಯೆ 20756. ನಮ್ಮ 41873 ಸರ್ವರಿನಲ್ಲಿ ಇರಲೇ ಇಲ್ಲ, ಅಳಿಸಿಹೋಗಿತ್ತು. ಹೊಸ ಕೀಯ ಕಡತದಲ್ಲಿ ಅದು ಹುಟ್ಟಿದ ಗಳಿಗೆ ಬರೆದಿರುತ್ತದೆ. ಭಾನುವಾರ 13 ಗಂಟೆ 52 ನಿಮಿಷ, ಗ್ರೀನಿಚ್ ಸಮಯ. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಂಜೆ 7 ಗಂಟೆ 22. ಲಾಗಿನ್ ಹೆಸರು, ಶುಕ್ರವಾರವಷ್ಟೇ ಮಾಲೀಕರ ಅಪ್ಪಣೆಯಂತೆ ತೆರೆದದ್ದು, ಪ್ರಶಾಂತ.

“ನಿನ್ನಿ ಸಂಜಿ ಏಳು ಇಪ್ಪತ್ತೆರಡಕ್ಕ ಸರ್ವರ್ ಮುಂದ ಯಾರು ಕುಂತಿದ್ರಿ?” ಎಂದು ಕೇಳಿದೆ.

ಅಳಿಯ ಕೈ ಒರೆಸಿಕೊಂಡ. “ಅಂಕಲ್, ಡಿಎನ್‌ಎಸ್ ಅಂದ ಮ್ಯಾಲ ಇಂಥಾ ಗ್ಲಿಚ್ ಇದ್ದದ್ದ. ಡಿಎಸ್ ತಗದು ಒಗೀರಿ, ಐದು ನಿಮಿಷದಾಗ ಸರಿ ಆಕ್ಕೈತಿ.”

ಮೇಲಿನವರು ಹೇಳಿದ ಡಿಎಸ್ಸನ್ನು ಲೋಕ ಇಪ್ಪತ್ನಾಲ್ಕು ಗಂಟೆ ನೆನಪಿಟ್ಟುಕೊಂಡಿರುತ್ತದೆ ಎಂಬ ಮೊದಲನೇ ಪಾಠವೂ ಈ ಎಕ್ಸ್‌ಪರ್ಟ್‌ಗೆ ಗೊತ್ತಿರಲಿಲ್ಲ. ಅವನು ಬರೀ ಸಹಿ ಬದಲಿಸಿ ಮಾದರಿ ಸಹಿಯನ್ನು ಹಾಗೇ ಬಿಟ್ಟಿದ್ದ. ಆ ಅಂಗಿಯ ಇಸ್ತ್ರಿಗೆ ಕೊಟ್ಟ ಗಮನದ ಕಾಲುಭಾಗ ಕೊಟ್ಟಿದ್ದರೂ ಹೀಗಾಗುತ್ತಿರಲಿಲ್ಲ. ನಾನು ಇದನ್ನು ಬಾಯಿಬಿಟ್ಟೇ ಹೇಳಿದೆ.

ಚನ್ನಬಸಪ್ಪನವರು ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡರು. “ಪಾಟೀಲ್ರ, ಅಳಿಯಂದ್ರ ಹೆಸರು ಎತ್ತಬ್ಯಾಡ್ರಿ. ಮೊದಲನೇ ದೀಪಾವಳಿ ಐತಿ, ಬೀಗ್ರು ಏನಂದಾರು? ಆ ಕೀ ರಾಹುಕಾಲದಾಗ ಹುಟ್ಟಿದ್ದಲ್ರಿ. ಅದಕ್ಕ ಪೂಜಿ ಮೂರ್ತ ಮುಗಿಯೂದ್ರಾಗ ಹೊಸಾದು ಮಾಡಸಿ, ಹಳೇದು ಅಳಸಾಕ ನಾನ ಹೇಳೇನಿ.”

ಹೀಗೆ ಹನ್ನೊಂದು ಗಾಡಿ ನಿಂತದ್ದು ಪಂಚಾಂಗ ನೋಡಿ ಮಾಡಿದ ಕೆಲಸಕ್ಕೆ, ಕೆಲಸ ಹೋಗುತ್ತಿದ್ದದ್ದು ಗಡಿಯಾರ ನೋಡಿ ಬರೆದಿಟ್ಟವಳದ್ದು. ಅವರ ಮುಖದಲ್ಲಿ ನಾಚಿಕೆಯ ಗುರುತೂ ಇರಲಿಲ್ಲ. ಆಳು ಹೋದರೆ ಆಳು ಸಿಗುತ್ತಾರೆ, ಅಳಿಯ ಮುನಿದರೆ ಕಷ್ಟ ಎಂಬಷ್ಟೇ ಅವರ ಲೆಕ್ಕ.

ದಾರಿ ಒಂದೇ ಇತ್ತು. ಹಳೆಯ ಕೀಯನ್ನೇ ಸರ್ವರಿಗೆ ಮರಳಿ ಹಾಕಿ ಅದರಿಂದ ಸಹಿ ಹಾಕಿಸಿದರೆ ಡಿಎಸ್ ಮುಟ್ಟದೆಯೇ ಎಲ್ಲ ಹೊಂದುತ್ತದೆ. ಟಿಟಿಎಲ್ ಐದು ನಿಮಿಷಕ್ಕೆ ಇಳಿಸಿದ್ದರಿಂದ ಲೋಕಕ್ಕೂ ಬೇಗ ತಿಳಿಯುತ್ತದೆ. ಕೀಯ ಪ್ರತಿ ಇದ್ದದ್ದು ಪೆನ್‌ಡ್ರೈವಿನಲ್ಲಿ. ಪೆನ್‌ಡ್ರೈವ್ ಇದ್ದದ್ದು ಆಫೀಸಿನ ಮೂಲೆಯಲ್ಲಿ, ಲಕ್ಷ್ಮಿಯ ಮುಂದೆ, ಚೆಂಡುಹೂವಿನ ಕೆಳಗೆ.

“ಅದಾಗೂದಿಲ್ರಿ” ಎಂದು ಚನ್ನಬಸಪ್ಪನವರು ಎದ್ದೇಬಿಟ್ಟರು. “ಪೂಜಿ ಇಳಸೂದು ನಾಳೆ ಪಾಡ್ಯಕ್ಕ. ಅದೂ ಅಲ್ದ ಇವತ್ತ ಸೋಮವಾರ, ಏಳೂವರಿಯಿಂದ ಒಂಬತ್ತರ ತನಕ ರಾಹುಕಾಲ. ಈಗ ಯಾರೂ ಮುಟ್ಟಂಗಿಲ್ಲ.”

ನಾನು ಬಾಯಿ ತೆರೆಯುವಷ್ಟರಲ್ಲಿ ನೇತ್ರಾವತಿ ನಡೆದಾಗಿತ್ತು. ಚಪ್ಪಲಿ ಬಾಗಿಲಲ್ಲಿ ಬಿಟ್ಟಳು. ದೇವಿಗೆ ಕೈ ಮುಗಿದು, ಹೂವು ಸರಿಸಿ ಲಕೋಟೆ ಎತ್ತಿಕೊಂಡಳು. ಅರಗಿನ ಮುದ್ರೆಯ ಮೇಲೆ ಕುಂಕುಮ ಅಂಟಿತ್ತು.

“ಏ ನೇತ್ರಾ!”

“ಕೆಲಸಾ ಹೆಂಗೂ ಹೊಂಟೈತಲ್ರಿ ಸಾವ್ಕಾರ್ರ” ಎಂದಳು ಅವಳು, ತಿರುಗಿಯೂ ನೋಡದೆ. “ಲಕ್ಷ್ಮಿ ಸಿಟ್ಟಾದ್ರ ನನ್ನ ಮ್ಯಾಲ ಆಗ್ಲಿ. ಹೊರಗ ಮಂದಿ ನಿಂತಾರ.”

8 ಗಂಟೆ 34ಕ್ಕೆ 41873 ಮತ್ತೆ ಸಹಿ ಹಾಕಲು ಶುರುಮಾಡಿತು. 8 ಗಂಟೆ 41ಕ್ಕೆ ಗೇಟಿನವನು “ಬಂತ್ರೀ!” ಎಂದು ಕೂಗಿದ. ಮೊದಲು ಹೊರಬಿದ್ದದ್ದು ಮೇಡ್ಲೇರಿಯವರ ಟೆಂಪೋ. ರಾಹುಕಾಲ ಮುಗಿಯಲು ಇನ್ನೂ ಹತ್ತೊಂಬತ್ತು ನಿಮಿಷವಿತ್ತು.

ಹತ್ತರ ಪರೀಕ್ಷೆ ಪಾಸಾಯಿತು. ಆದರೆ ಹತ್ತೂ ಇಪ್ಪತ್ತಕ್ಕೆ ಕಂಪನಿಯಿಂದ ಒಂದು ಮೇಲ್ ಬಂತು: ನಿನ್ನೆ ಸಂಜೆಯಿಂದ ಇಂದು ಬೆಳಿಗ್ಗೆಯವರೆಗೆ ನಿಮ್ಮ ಸೈಟು ನಮಗೆ ತೆರೆಯಲಿಲ್ಲ, ಕಾರಣವನ್ನು ಬರೆದು ತಿಳಿಸಿ. ಚನ್ನಬಸಪ್ಪನವರು ಹಾಳೆ, ಪೆನ್ನು ತಂದು ನನ್ನ ಮುಂದಿಟ್ಟರು. ಅಳಿಯನ ಹೆಸರು ಬರಕೂಡದು, ಇನ್ನೊಂದು ಹೆಸರು ಬರಬೇಕು, ಅಷ್ಟೇ.

ಅಳಿಯನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆಯುವುದೆಂದು ನಾನು ನಿರ್ಧರಿಸಿದ್ದೆ. ಸತ್ಯವಾಗಿ ಹೇಳುತ್ತೇನೆ, ಅದರಲ್ಲಿ ನ್ಯಾಯಕ್ಕಿಂತ ಖುಷಿ ಹೆಚ್ಚಿತ್ತು. ಬರೆಯುವ ಮೊದಲು ಹೊರಗೆ ಹೋಗಿ ನಳದಲ್ಲಿ ಮುಖ ತೊಳೆದೆ. ನೇತ್ರಾವತಿ ಅಲ್ಲಿದ್ದಳು.

“ಸರ್, ಒಂದು ಮಾತು. ಸಿಟ್ಟಾಗಬ್ಯಾಡ್ರಿ. ಶನಿವಾರ ಸಾವ್ಕಾರ್ರು ನಿಮಗ ಫೋನ್ ಹಚ್ಚಿದಾಗ ಸ್ಪೀಕರ್ ಇಟ್ಟಿದ್ರು, ನಾನು ಅಲ್ಲೇ ಇದ್ದೆ. ಅವ್ರು ಕೇಳಿದ್ದು ಸರಿಯಾದ ಮಾತ ಇತ್ತು. ಹೊಸಾ ಕೀ ಮಾಡಾಕ ಬರ್ತೈತೇನು ಅಂತ ಕೇಳಿದ್ರು. ನೀವು ನಕ್ರಿ. ಡಿಎಸ್ ಸೈತ ಬದಲಾಗಬೇಕು, ಅಲ್ಲೀತನಕ ಹಳೇದು ಇರಬೇಕು ಅಂತ ಎರಡು ಮಾತು ಹೇಳಿದ್ರ ಇದು ಯಾವುದೂ ಆಗತಿದ್ದಿಲ್ಲ.”

ಅವಳು ಹೇಳಿದ್ದು ಅಕ್ಷರಶಃ ನಿಜ. ಕೀ ಬದಲಿಸಬಹುದು, ಪ್ರಪಂಚದಾದ್ಯಂತ ಬದಲಿಸುತ್ತಾರೆ. ಹೊಸ ಕೀಯನ್ನು ಹಳೆಯದರ ಜೊತೆಗೇ ಇಡಬೇಕು. ಹೊಸದರ ಡಿಎಸ್ ನೋಂದಾಯಿಸಿ, ಹಳೆಯ ನೆನಪು ಎಲ್ಲ ಕಡೆ ಅಳಿಯುವವರೆಗೆ ಕಾಯಬೇಕು. ಆಮೇಲಷ್ಟೇ ಹಳೆಯದನ್ನು ತೆಗೆಯಬೇಕು. ಇದನ್ನು ಹೇಳಲು ನನಗೆ ಒಂದು ನಿಮಿಷ ಸಾಕಿತ್ತು. ರಾಹುಕಾಲ ಎಂಬ ಒಂದು ಪದ ಕಿವಿಗೆ ಬಿದ್ದದ್ದೇ, ಮುಂದಿನ ಪ್ರಶ್ನೆ ಕೇಳಲು ಯೋಗ್ಯವಾದದ್ದಲ್ಲ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಅವರು ಮೂರ್ಖರಾಗಿದ್ದರೂ ಕೇಳಿದ್ದರು. ನಾನು ತಿಳಿದವನಾಗಿ ಹೇಳಿರಲಿಲ್ಲ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಒಳಗೆ ಬಂದು ಬರೆದೆ: “ಕೀ ಬದಲಿಸಬಹುದೇ ಎಂದು ಮಾಲೀಕರು ಶನಿವಾರ ಕೇಳಿದಾಗ ಸಲಹೆಗಾರನು ಅರ್ಧ ಉತ್ತರ ಕೊಟ್ಟನು. ಅದನ್ನು ನಂಬಿ ಭಾನುವಾರ ಸಂಜೆ 7:22ಕ್ಕೆ ಕೀ ಬದಲಿಸಲಾಯಿತು, ಡಿಎಸ್ ಬದಲಾಗಲಿಲ್ಲ. ಆಪರೇಟರ್ ನಮೂದಿಸಿದ ಸಂಖ್ಯೆಗಳು ಸರಿಯಾಗಿದ್ದವು. ಆಕೆ ಬರೆದಿಟ್ಟ ದಾಖಲೆಯಿಂದಲೂ ಆಕೆ ಇಟ್ಟ ಪ್ರತಿಯಿಂದಲೂ ಸೈಟು ಮರಳಿತು.” ಕೆಳಗೆ ನನ್ನ ಪೂರ್ತಿ ಹೆಸರು ಬರೆದು ಸಹಿ ಮಾಡಿದೆ.

ಚನ್ನಬಸಪ್ಪನವರು ಎರಡು ಸಲ ಓದಿದರು. ಮುಖ ಅರಳಿತು. ಅಳಿಯನ ಹೆಸರಿಲ್ಲ, ತಪ್ಪು ಹೊರಗಿನವನದು, ಆಪರೇಟರಂತೂ ಕಂಪನಿಯ ಕಡತದಲ್ಲೇ ಹೊಗಳಿಸಿಕೊಂಡವಳು, ಇನ್ನು ಬಿಡಿಸಿದರೆ ಕಂಪನಿಯವರು ಕೇಳುತ್ತಾರೆ.

“ಭಾಳ ಚಲೋ ಬರದೀರಿ” ಎಂದು ನನಗೇ ಕರ್ಚಿಕಾಯಿ ಕೊಟ್ಟರು. ಅದೇ ವಾರ ನನ್ನನ್ನು ಬಿಟ್ಟು ಬೇರೆ ಸಲಹೆಗಾರರನ್ನು ನೇಮಿಸಿಕೊಂಡರು. ಅವರ ಬಗ್ಗೆ ನನ್ನ ತಾತ್ಸಾರ ಒಂದು ಗುಂಜಿಯಷ್ಟೂ ಕಡಿಮೆಯಾಗಿಲ್ಲ. ನೇತ್ರಾವತಿ ಮಾತ್ರ ಇಂದಿಗೂ ಅಲ್ಲೇ ಇದ್ದಾಳೆ.

ಕಳೆದ ವರ್ಷ ರಾಣೆಬೆನ್ನೂರಿನ ಒಬ್ಬ ಬೀಜದ ವ್ಯಾಪಾರಿಯ ಡೊಮೈನಿಗೆ ಇದೇ ಕೆಲಸ ಮಾಡಿಕೊಡಲು ಹೋದೆ. ಮನುಷ್ಯ ಚನ್ನಬಸಪ್ಪನವರ ಅಚ್ಚೇ. ಮೇಜಿನ ಗಾಜಿನ ಕೆಳಗೆ ದೇವರ ಫೋಟೋ, ಬೆರಳಿಗೆ ನಾಲ್ಕು ಉಂಗುರ, ಅರ್ಧ ಕೇಳಿ ಕೈ ಎತ್ತುವ ಅಭ್ಯಾಸ. ಅವರು ಕೈ ಎತ್ತಿದರೂ ನಾನು ನಿಲ್ಲಿಸಲಿಲ್ಲ, ಕೀ ಬದಲಿಸುವ ಕ್ರಮವನ್ನು ಕಡೆಯವರೆಗೆ ಹೇಳಿದೆ, ಅವರಿಂದ ಒಮ್ಮೆ ಹೇಳಿಸಿದೆ. ಆಮೇಲೆ ಲ್ಯಾಪ್‌ಟಾಪ್ ತೆರೆಯುವ ಮೊದಲು ನಾನೇ ಕೇಳಿದೆ.

“ಸಾವ್ಕಾರ್ರ, ಇವತ್ತ ರಾಹುಕಾಲ ಎಷ್ಟರಿಂದ ಎಷ್ಟರ ತನಕ ಐತ್ರಿ?”